ಹಿಡಿದ ಮ್ಯಾಲ ಸುತ್ತು ಯಾಕವ್ವಾ?

ಕಳೆದ ದೀಪಾವಳಿಗೆ ಊರಿಗೆ ಹೋಗುವಾಗ ಗಿಟಾರನ್ನೂ ಹೊತ್ತುಕೊಂಡು ಹೋಗಿದ್ದೆ. ಸಂಡೂರಿನ ನಮ್ಮ ಮನೆಯ ಪಡಸಾಲೆ, ರಾತ್ರಿ ಒಂಬತ್ತೂವರೆ. ಅಡುಗೆಮನೆಯಲ್ಲಿ ಅಮ್ಮ ಹೋಳಿಗೆಗೆ ಕಣಕ ನಾದುತ್ತಿದ್ದಳು. ನಾನು ಶ್ರುತಿ ಮಾಡುತ್ತಾ ಕೊನೆಯ ಬಿರಡೆಯನ್ನು ಇನ್ನೊಂಚೂರು ತಿರುಗಿಸಿದೆ ಅಷ್ಟೇ, ಟಣ್! ಅತಿ ಸಣ್ಣ ತಂತಿ ಹರಿದು ಮುಂಗೈಗೆ ಬಾರಿಸಿತು.

"ಏನವ್ವಾ ಅದು?" ಅಂದ್ರು ಅಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

"ಏನಿಲ್ಲಪ್ಪಾ, ತಂತಿ ಹರೀತು."

"ಹೂಂ."

ಗಿಟಾರಿನ ವಿಷಯದಲ್ಲಿ ನನ್ನ ಮತ್ತು ಅಪ್ಪನ ನಡುವೆ ಅಷ್ಟೂ ವರ್ಷ ನಡೆದ ಮಾತುಕತೆ ಹೆಚ್ಚುಕಮ್ಮಿ ಇಷ್ಟೇ. ಒಂದು "ಹೂಂ".

ಗಿಟಾರ್ ಹೊಸದಲ್ಲ. ಆಫೀಸಿನ ಸಹೋದ್ಯೋಗಿಯೊಬ್ಬ ಜರ್ಮನಿಗೆ ಹೊರಟಾಗ ತನ್ನ ಎಲೆಕ್ಟ್ರಿಕ್ ಗಿಟಾರನ್ನು ಅರ್ಧ ಬೆಲೆಗೆ ಕೊಟ್ಟು ಹೋಗಿದ್ದ. "ಇದಕ್ಕೆ ಲಾಕಿಂಗ್ ಟ್ಯೂನರ್ ಇದೆ, ನಿನ್ನ ಪುಣ್ಯ" ಅಂದಿದ್ದ. ನಾನು ತಲೆಯಾಡಿಸಿದೆ. ಅದು ಏನು ಅಂತ ಕೇಳೋಕೆ ನಾಚಿಕೆ. ಹದಿನೈದು ದಿನದ ಹಿಂದೆ ಬೆಂಗಳೂರಿನ ರೂಮಿನಲ್ಲಿ ಮೊದಲ ಸಲ ನಾನೇ ತಂತಿ ಬದಲಾಯಿಸಿದ್ದೆ. ನೋಡಿದ್ದು ಸಾಮಾನ್ಯ ಟ್ಯೂನರಿನ ವಿಡಿಯೋ. ಅವರು ಹೇಳಿದ ಹಾಗೆ ಪ್ರತಿ ತಂತಿಯನ್ನೂ ಮೂರು ಮೂರು ಸುತ್ತು ನೀಟಾಗಿ ಸುತ್ತಿದೆ. ಆಮೇಲೆ ಹಿಂದುಗಡೆ ಒಂದೊಂದು ಪುಟ್ಟ ಚಕ್ರ ಕಾಣಿಸಿತು. ಇದ್ದ ಮೇಲೆ ಬಿಗಿ ಮಾಡೋಕೇ ಇರಬೇಕಲ್ಲ ಅಂತ ಇಕ್ಕಳ ಹಾಕಿ ಗಟ್ಟಿಯಾಗಿ ತಿರುಗಿಸಿದೆ. ಸುತ್ತಿನ ಮೇಲೆ ಬೀಗ, ಡಬಲ್ ಸೇಫ್ಟಿ!

ಆದದ್ದು ಉಲ್ಟಾ. ಒಂದು ಹಾಡು ಮುಗಿಯೋದರೊಳಗೆ ಶ್ರುತಿ ಇಳಿದಿರೋದು. ಹವಾಮಾನ, ಗಿಟಾರ್, ಅದನ್ನು ಮಾರಿ ಹೋದವನು, ಎಲ್ಲರನ್ನೂ ಬೈದೆ, ನನ್ನೊಬ್ಬಳನ್ನು ಬಿಟ್ಟು.

ಪುಣ್ಯಕ್ಕೆ ಬ್ಯಾಗಿನಲ್ಲಿ ಒಂದು ಹೊಸ ಸೆಟ್ ತಂತಿಯೂ, ಸಣ್ಣ ತಂತಿ ಎರಡು ಬಿಡಿಯಾಗಿಯೂ ಇದ್ದವು. ಹರಿಯೋದು ಹೆಚ್ಚಾಗಿ ಸಣ್ಣದೇ, ಹಾಗಾಗಿ ಬಿಡಿ ಇಟ್ಟುಕೊಂಡಿರುತ್ತೇನೆ. ಚಾಪೆ ಹಾಸಿ, ಗಿಟಾರಿನ ಕತ್ತಿನ ಕೆಳಗೆ ತಲೆದಿಂಬು ಕೊಟ್ಟು, ಎಲ್ಲ ಬಿಚ್ಚಿಕೊಂಡು ಕೂತೆ. ಟಿವಿಯ ಸದ್ದು ಕಡಿಮೆಯಾಯಿತು. ತಿರುಗಿ ನೋಡಿದರೆ ಅಪ್ಪ ಕನ್ನಡಕ ಹಾಕಿಕೊಂಡು ನನ್ನ ಕೈಯನ್ನೇ ನೋಡುತ್ತಿದ್ದರು.

"ಎಷ್ಟು ಗೇಜು ಇದು?"

ಅಪ್ಪ ಕೇಳಲೇಬೇಕಾದ ಪ್ರಶ್ನೆ. ಅವರದು ಪಂಪ್‌ಸೆಟ್ ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಮುತ್ತಲ ಹಳ್ಳಿಗಳ ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತೋದೇ ಕೆಲಸ. "ಹತ್ತು" ಅಂದೆ. ಅಪ್ಪ ನಕ್ಕುಬಿಟ್ಟರು. "ಹತ್ತು ಗೇಜು ಅಂದ್ರ ಮೂರು ಎಮ್ಮೆಮ್ಮಿಗೂ ದಪ್ಪ ಇರ್ತೈತಿ. ಇದು ಕೂದಲು ಇದ್ದಂಗ ಐತಲ್ಲ!"

ಆಗ ಗೊತ್ತಾಯಿತು, ಎರಡು ಲೆಕ್ಕವೂ ಬೇರೆ. ವೈಂಡಿಂಗ್‌ನವರ ಗೇಜಿನಲ್ಲಿ ನಂಬರ್ ಏರಿದಷ್ಟೂ ತಂತಿ ಸಣ್ಣ. ಗಿಟಾರಿನಲ್ಲಿ ಹತ್ತು ಅಂದರೆ ಇಂಚಿನ ಸಾವಿರದ ಹತ್ತು ಭಾಗ, ನಂಬರ್ ಏರಿದಷ್ಟೂ ದಪ್ಪ. ನನ್ನ ಸೆಟ್ 10ರಿಂದ 46. ಅಪ್ಪ ಎದ್ದು ಹೋಗಿ ಮೈಕ್ರೋಮೀಟರ್ ತಂದು ಅಳೆದರು. 0.25 ಮಿ.ಮೀ. "ನಮ್ಮ ಲೆಕ್ಕದಾಗ ಮೂವತ್ಮೂರು" ಅಂತ ತೀರ್ಪು ಕೊಟ್ಟು, ಚಾಪೆಯ ಇನ್ನೊಂದು ತುದಿಗೆ ಕೂತರು. ಟಿವಿ ತಾನಾಗಿ ಓಡುತ್ತಿತ್ತು.

ಇಲ್ಲಿ ಒಂದು ವಿಷಯ ಹೇಳಬೇಕು. ಆಫೀಸಿನಲ್ಲಿ ಹೊಸ ಟೀಮ್ ಸೇರಿದಾಗೆಲ್ಲ "ನಿಮ್ಮ ಬಗ್ಗೆ ಒಂದು ತಮಾಷೆಯ ಸಂಗತಿ ಹೇಳಿ" ಅಂತಾರಲ್ಲ, ಆಗ ನಾನು ಹೇಳುತ್ತಿದ್ದ ಕಥೆ ಒಂದೇ. "ನಮ್ಮಪ್ಪ ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಕ್ಲಾಸ್ ಬಂದ್ರೆ ಗಿಟಾರ್ ಕೊಡಿಸ್ತೀನಿ ಅಂದಿದ್ರು. ಬಂದೆ. ಕ್ಯಾಲ್ಕುಲೇಟರ್ ಕೊಡಿಸಿದ್ರು." ಎಲ್ಲರೂ ನಗುತ್ತಿದ್ದರು. ಚೆನ್ನಾಗಿ ಓಡುವ ಜೋಕು. ಏಳೆಂಟು ವರ್ಷ ಓಡಿಸಿದ್ದೇನೆ.

ಆ ಜೋಕಿನಲ್ಲಿ ನಾನು ಹೇಳದೇ ಬಿಡುತ್ತಿದ್ದದ್ದು ಇಸವಿ. ಅದು 2011. ಬಳ್ಳಾರಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಉಳಿದವರಿಗಾಗಿ ಹೇಳ್ತೀನಿ: ಆ ವರ್ಷ ಜುಲೈ 29ರ ಶುಕ್ರವಾರ ಸುಪ್ರೀಂ ಕೋರ್ಟ್ ಬಳ್ಳಾರಿ ಜಿಲ್ಲೆಯಲ್ಲಿ ಕಬ್ಬಿಣದ ಅದಿರು ಗಣಿಗಾರಿಕೆ ನಿಲ್ಲಿಸಿ ಅಂತ ಆದೇಶ ಮಾಡಿತು. ಆದೇಶ ತಪ್ಪು ಅಂತ ನಾನು ಹೇಳಲ್ಲ, ನಮ್ಮ ಗುಡ್ಡಗಳಿಗೆ ಆದ ಗತಿ ಕಣ್ಣಾರೆ ಕಂಡವಳು. ಆದರೆ ಆಗ ಅಪ್ಪ ಅದಿರು ಲಾರಿಗಳ ಗ್ಯಾರೇಜಿನಲ್ಲಿ ಫಿಟ್ಟರ್. ಓಡುವ ಲಾರಿ ಇದ್ದರೆ ತಾನೇ ರಿಪೇರಿ. ರಸ್ತೆ ಬದಿಯಲ್ಲಿ ಸಾಲಾಗಿ ನಿಂತ ಲಾರಿಗಳ ಮೇಲೆ ಹುಡುಗರು ಬೆರಳಿನಿಂದ ಹೆಸರು ಬರೆಯುತ್ತಿದ್ದರು, ಅಷ್ಟು ಕೆಂಪು ಧೂಳು. ಎರಡು ತಿಂಗಳಲ್ಲಿ ಗ್ಯಾರೇಜ್ ಬಾಗಿಲು ಹಾಕಿತು. ಹದಿನಾರು ವರ್ಷದ ನನಗೆ ಕಂಡದ್ದು ಮಾತ್ರ ಕ್ಯಾಲ್ಕುಲೇಟರ್. "ನಿನಗೆ ಕೊಡಿಸೋ ಮನಸ್ಸೇ ಇರಲಿಲ್ಲ, ಅದಕ್ಕೇ ಷರತ್ತು ಹಾಕಿದ್ದೆ" ಅಂದಿದ್ದೆ. ಅಪ್ಪ ಆಗಲೂ ಹೂಂ ಅಂದಿದ್ದರು.

ಇರಲಿ, ಚಾಪೆಗೆ ಬರೋಣ.

ನಾನು ಹರಿದ ತಂತಿಯ ತುಂಡನ್ನು ಬಿಡಿಸಲು ಹಿಂದಿನ ಚಕ್ರ ತಿರುಗಿಸಿದೆ. ಅಲ್ಲಾಡಲಿಲ್ಲ. "ಇಕ್ಕಳ ಹಾಕಿದ್ದೆಯಾ?" ಅಂತ ಕೇಳಿದರು. ಚಕ್ರದ ಮೇಲೆ ಇಕ್ಕಳದ ಹಲ್ಲಿನ ಗುರುತು ಇತ್ತು, ಸುಳ್ಳು ಹೇಳೋ ಹಾಗಿರಲಿಲ್ಲ. ಅಪ್ಪ ಒಂದು ಬಟ್ಟೆ ಸುತ್ತಿ, ಮೆಲ್ಲಗೆ ಎಡಕ್ಕೆ ಸಡಿಲಿಸಿದರು. ತಲೆಗೆ ಕಟ್ಟುವ ಟಾರ್ಚ್ ಹಾಕಿಕೊಂಡು ಬಿರಡೆಯ ಕಂಬದ ತೂತಿನೊಳಗೆ ಇಣುಕಿದರು. ಚಕ್ರವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಳಗೊಂದು ಪುಟ್ಟ ಪಿನ್ನು ಮೇಲೆ ಬರುತ್ತದೆ, ಕೆಳಗೆ ಇಳಿಯುತ್ತದೆ. ತೂತಿನಲ್ಲಿ ತೂರಿಸಿದ ತಂತಿಯನ್ನು ಆ ಪಿನ್ನು ಅದುಮಿ ಹಿಡಿಯುತ್ತದೆ. ಇಷ್ಟೇ ಆ "ಲಾಕ್".

"ಇದು ಡ್ರಿಲ್ ಮಷೀನಿನ ಚಕ್ ಇದ್ದಂಗ" ಅಂದರು ಅಪ್ಪ. "ಚಕ್ಕು ಬಿಟ್ ಹಿಡ್ಕೊಂಡ ಮ್ಯಾಲ ಮತ್ತ ದಾರ ಸುತ್ತಿ ಕಟ್ಟತೀಯೇನು? ಹಿಡಿದ ಮ್ಯಾಲ ಸುತ್ತು ಯಾಕವ್ವಾ?"

ದಿನವಿಡೀ ತಂತಿ ಸುತ್ತಿ ಬದುಕೋ ಮನುಷ್ಯ ಸುತ್ತಬೇಡ ಅಂದಿದ್ದರು.

ಆಮೇಲೆ ನಾನು ಓದಿ, ಮಾಡಿ ನೋಡಿ ತಿಳಿದುಕೊಂಡದ್ದೂ ಅದನ್ನೇ ಹೇಳುತ್ತದೆ. ಸಾಮಾನ್ಯ ಟ್ಯೂನರಿನಲ್ಲಿ ತಂತಿಯನ್ನು ಹಿಡಿಯೋದು ಸುತ್ತುಗಳೇ, ಒಂದರ ಬಿಗಿತಕ್ಕೆ ಇನ್ನೊಂದು ಕೂರುತ್ತದೆ. ಹಾಗಾಗಿ ಅಲ್ಲಿ ಎರಡು ಮೂರು ಸುತ್ತು ಬೇಕೇ ಬೇಕು. ಲಾಕಿಂಗ್ ಟ್ಯೂನರಿನಲ್ಲಿ ಹಿಡಿಯೋದು ಪಿನ್ನು. ಅದರ ಮೇಲೂ ಸುತ್ತಿದರೆ ಆ ಸುತ್ತುಗಳಲ್ಲಿ ಸಡಿಲು ಉಳಿಯುತ್ತದೆ. ನುಡಿಸುವಾಗ ತಂತಿಯನ್ನು ಎಳೆದು ಬಿಟ್ಟಾಗೆಲ್ಲ ಆ ಸಡಿಲು ಸ್ವಲ್ಪ ಸ್ವಲ್ಪವೇ ಜರುಗುತ್ತದೆ, ಶ್ರುತಿ ಇಳಿಯುತ್ತದೆ. ನನ್ನ ಡಬಲ್ ಸೇಫ್ಟಿಯೇ ಕಳ್ಳ. ಇನ್ನು ತಂತಿ ಹರಿದದ್ದು ಪಿನ್ನು ಅದುಮಿದ ಜಾಗದಲ್ಲೇ. ಇಕ್ಕಳದ ಬಿಗಿತಕ್ಕೆ ಅದು ಅಲ್ಲಿ ಚಪ್ಪಟೆಯಾಗಿತ್ತು. "ಬೆರಳಿಗೆ ಎಷ್ಟು ಬರ್ತೈತೋ ಅಷ್ಟೇ ಬಿಗಿ. ಇಕ್ಕಳ ಹಾಕಿದ್ರ ಇವತ್ತು ತಂತಿ ಹೋಗೈತಿ, ನಾಳೆ ತ್ರೆಡ್ ಹೋಗ್ತೈತಿ" ಅಂದರು.

ಉಳಿದ ಐದನ್ನೂ ಬಿಚ್ಚಿದೆವು. ನಮ್ಮದು ಅಲುಗಾಡದ ಬ್ರಿಡ್ಜ್, ಹಾಗಾಗಿ ಎಲ್ಲವನ್ನೂ ಒಟ್ಟಿಗೆ ತೆಗೆದರೂ ತೊಂದರೆ ಇಲ್ಲ. ನಿಮ್ಮದು ಹಿಡಿಕೆ ಇರುವ, ಸ್ಪ್ರಿಂಗ್ ಮೇಲೆ ಕೂತ ಬ್ರಿಡ್ಜ್ ಆದರೆ ಒಂದೊಂದಾಗಿ ಬದಲಾಯಿಸಿ, ಇಲ್ಲದಿದ್ದರೆ ಸಮತೋಲ ತಪ್ಪುತ್ತದೆ. ಬಿಚ್ಚುವಾಗ ಅವಸರ ಬೇಡ. ಆರೂ ತಂತಿಗಳು ಸೇರಿ ಗಿಟಾರಿನ ಕತ್ತನ್ನು 45 ಕೆ.ಜಿ.ಗೂ ಮೇಲೆ ಎಳೆಯುತ್ತಿರುತ್ತವೆ. ಬಿಗಿಯಾಗಿರುವಾಗ ಹಿಂದಿನ ಚಕ್ರ ಸಡಿಲಿಸೋದು, ಕಟರ್ ಹಾಕೋದು ಎರಡೂ ಮಾಡಬೇಡಿ, ಮುಖಕ್ಕೆ ಹಾರುತ್ತದೆ. ಮೊದಲು ಬಿರಡೆ ತಿರುಗಿಸಿ ತಂತಿಯನ್ನು ಜೋಲುವಷ್ಟು ಇಳಿಸಿ, ಆಮೇಲೆ ಚಕ್ರ, ಆಮೇಲೆ ಎಳೆದು ತೆಗೆಯಿರಿ. ಸೊಟ್ಟಗಾದ ತುದಿಯನ್ನು ಕತ್ತರಿಸಿಕೊಂಡರೆ ಬ್ರಿಡ್ಜಿನ ಕಡೆಯಿಂದ ಸಲೀಸಾಗಿ ಬರುತ್ತದೆ.

ಬೋಳಾದ ಗಿಟಾರನ್ನು ಅಪ್ಪ ಒಣಬಟ್ಟೆಯಿಂದ ಒರೆಸಿದರು. ಬಟ್ಟೆ ಕೆಂಪಗಾಯಿತು. ಮೂರು ದಿನಕ್ಕೇ! ಸಂಡೂರಿನಲ್ಲಿ ಏನನ್ನೇ ಒರೆಸಿದರೂ ಆ ಬಣ್ಣವೇ ಬರೋದು. ಬೆವರು ಕೈಯ ಜತೆ ಈ ಧೂಳು ಸೇರಿದರೆ ತಂತಿ ಬೇಗ ಮಂಕಾಗುತ್ತದೆ. ಅದಕ್ಕೇ ಊರಿಗೆ ಹೋದಾಗ ನುಡಿಸಿದ ಮೇಲೆ ಒರೆಸಿ, ಚೀಲಕ್ಕೆ ಹಾಕಿಯೇ ಮಲಗೋದು.

"ಇದರ ಹೆಸರು ಏನು?" ಕತ್ತಿನ ತುದಿಯಲ್ಲಿ ಆರು ತೋಡು ಇರುವ ಬಿಳಿ ಪಟ್ಟಿ ತೋರಿಸಿ ಕೇಳಿದರು.

"ನಟ್ಟು."

"ನಟ್ಟಾ? ಮತ್ತ ಬೋಲ್ಟ್ ಎಲ್ಲೈತಿ?"

ಅಡುಗೆಮನೆಯಿಂದ ಅಮ್ಮ ಕೂಡ ನಕ್ಕಳು. ಆ ನಟ್ಟಿನ ತೋಡಿನಲ್ಲಿ ತಂತಿ ಸಿಕ್ಕಿಕೊಂಡರೂ ಶ್ರುತಿ ನಿಲ್ಲಲ್ಲ ಅಂದೆ. ಅಪ್ಪ ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದು ಪ್ರತಿ ತೋಡಿಗೂ ಉಜ್ಜಿದರು. ಪೆನ್ಸಿಲ್ಲಿನ ಸೀಸ ಅಂದರೆ ಗ್ರಾಫೈಟ್, ಒಳ್ಳೆಯ ಜಾರಿಕೆ. ಗಿಟಾರಿನವರೂ ಮಾಡೋದು ಅದನ್ನೇ. ನಾನು ಹೇಳಿಕೊಟ್ಟಿರಲಿಲ್ಲ.

ಬ್ರಿಡ್ಜ್ ಅಂದಾಗ ಮಾತ್ರ "ಅದು ಕುದುರಿ" ಅಂದರು. ಏಕತಾರಿಯಲ್ಲಿ, ತಂಬೂರಿಯಲ್ಲಿ, ವೀಣೆಯಲ್ಲಿ ತಂತಿ ಹತ್ತಿ ಕೂರುವ ಪಟ್ಟಿಗೆ ಕುದುರೆ ಅನ್ನುತ್ತಾರಲ್ಲ, ಅದೇ. ಅಪ್ಪನಿಗೆ ಅದು ಗೊತ್ತಿದ್ದದ್ದು ಅಜ್ಜನಿಂದ. ಅಜ್ಜ ಭಜನೆಯಲ್ಲಿ ತತ್ವಪದ ಹಾಡುತ್ತಿದ್ದರು. ಅವರ ಏಕತಾರಿ ಇದೇ ಪಡಸಾಲೆಯ ಮೊಳೆಗೆ ತೂಗುಬಿದ್ದಿತ್ತು, ತುಕ್ಕು ಹಿಡಿದು ಹರಿದ ತಂತಿಯೊಂದಿಗೆ. ಅಜ್ಜ ಹೋದ ಮೇಲೆ ಯಾರೂ ಅದನ್ನು ಇಳಿಸಿರಲಿಲ್ಲ. ಹಬ್ಬಕ್ಕೆ ಅಮ್ಮ ಧೂಳು ಹೊಡೆಯುತ್ತಿದ್ದಳು, ಅಷ್ಟೇ.

(ಅಂದಹಾಗೆ, ಗಿಟಾರ್ ನಮ್ಮದಲ್ಲದ ವಾದ್ಯ ಅಂತ ನಮ್ಮ ಓಣಿಯ ಹಿರಿಯರೊಬ್ಬರು ಆಗಾಗ ಹೇಳ್ತಿರ್ತಾರೆ. ಇಲ್ಲಿಂದ ಗಂಟೆ ದಾರಿಯ ಹಂಪಿಯಲ್ಲಿ, ಅಳಿಯ ರಾಮರಾಯನ ಆಶ್ರಯದಲ್ಲಿದ್ದ ರಾಮಾಮಾತ್ಯ 1550ರಲ್ಲಿ 'ಸ್ವರಮೇಳ ಕಲಾನಿಧಿ' ಬರೆದ. ವೀಣೆಯ ಮೆಟ್ಟಿಲುಗಳನ್ನು ರಾಗಕ್ಕೊಮ್ಮೆ ಸರಿಸದೆ, ಒಂದೇ ಕಡೆ ಕೂರಿಸಿ ಎಲ್ಲ ರಾಗ ನುಡಿಸೋದು ಹೇಗೆ ಅಂತ ಅದರಲ್ಲಿ ತಲೆ ಕೆಡಿಸಿಕೊಂಡಿದ್ದಾನೆ. ಗಿಟಾರಿನ ಅಲುಗದ ಫ್ರೆಟ್ಟುಗಳನ್ನು ಕಂಡಿದ್ದರೆ ಅವನಿಗೆ ಅಪರಿಚಿತ ಅನ್ನಿಸುತ್ತಿರಲಿಲ್ಲ.)

ಹೊಸ ತಂತಿ ಹಾಕೋಕೆ ಶುರು ಮಾಡಿದೆವು. ಮೊದಲು ದಪ್ಪ ಇ. ತುದಿಯಲ್ಲಿ ಗುಂಡು ಇರುವ ಕಡೆ ಬ್ರಿಡ್ಜಿಗೆ, ಇನ್ನೊಂದು ತುದಿ ಬಿರಡೆಯ ಕಂಬಕ್ಕೆ. ಕಂಬವನ್ನು ತಿರುಗಿಸಿ ಅದರ ತೂತು ತಂತಿ ಬರುವ ದಾರಿಗೆ ನೇರವಾಗಿ ನಿಲ್ಲುವ ಹಾಗೆ ಮಾಡಿಕೊಳ್ಳಬೇಕು. ತಂತಿ ತೂರಿಸಿ, ಕೈಯಲ್ಲಿ ಬಿಗಿಯಾಗಿ ಎಳೆದು, ಸಡಿಲು ಬಿಡದೆ, ಎಳೆದ ಹಾಗೇ ಹಿಂದಿನ ಚಕ್ರವನ್ನು ಬೆರಳಲ್ಲಿ ಬಿಗಿ ಮಾಡಬೇಕು. ಎರಡು ಕೈ ಸಾಲೋದಿಲ್ಲ ಅನ್ನಿಸುತ್ತದೆ ಮೊದಲ ಸಲ. ನಮಗೆ ನಾಲ್ಕಿದ್ದವು. ನಾನು ಎಳೆಯೋದು, ಅಪ್ಪ ತಿರುಗಿಸೋದು. ಆಮೇಲೆ ಫೋನಿನ ಟ್ಯೂನರ್ ಆ್ಯಪ್ ನೋಡುತ್ತಾ ಏರಿಸಿದರೆ ಕಂಬ ಒಂದು ಪೂರ್ತಿ ಸುತ್ತು ಬರೋ ಮುಂಚೆಯೇ ಶ್ರುತಿ ಸಿಕ್ಕಿಬಿಡುತ್ತದೆ. ಮೂರು ಸುತ್ತು ತಿರುಗಿಸಿ ಕೈ ನೋಯಿಸಿಕೊಂಡ ನನಗೆ ಇದು ಮೋಸ ಅನ್ನಿಸಿತು.

ಕೆಲವು ಲಾಕಿಂಗ್ ಟ್ಯೂನರ್‌ಗಳಲ್ಲಿ ಹಿಂದೆ ಚಕ್ರ ಇರೋದಿಲ್ಲ, ಕಂಬದ ನೆತ್ತಿಯಲ್ಲಿ ಸ್ಕ್ರೂ ಇರುತ್ತದೆ. ಕೆಲಸ ಒಂದೇ.

ಇ, ಎ, ಡಿ, ಜಿ, ಬಿ, ಮತ್ತೆ ಇ. ದಪ್ಪ ಇ ಸೆಕೆಂಡಿಗೆ ಸುಮಾರು 82 ಸಲ ನಡುಗಿದರೆ ಸಣ್ಣ ಇ ಸುಮಾರು 330 ಸಲ. ಗುರಿ ದಾಟಿ ಏರಿಸಿಬಿಟ್ಟರೆ ಪೂರ್ತಿ ಕೆಳಗಿಳಿಸಿ ಮತ್ತೆ ಏರಿಸುತ್ತಾ ಬರಬೇಕು, ಇಳಿಸುತ್ತಾ ಬಂದು ನಿಲ್ಲಿಸಬಾರದು, ಗೇರಿನಲ್ಲಿ ಸಡಿಲು ಉಳಿಯುತ್ತದೆ. ಇದನ್ನು ಹೇಳಿದ್ದಕ್ಕೆ ಅಪ್ಪ "ಎಲ್ಲಾ ಗೇರಿನ ಹಣೆಬರಹನೂ ಅಷ್ಟ" ಅಂದರು. ತಂತಿಯ ಕೆಳಗಿನ ಪಿಕಪ್ ತೋರಿಸಿ, ಅದರೊಳಗೆ ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿ ಏಳೆಂಟು ಸಾವಿರ ಸುತ್ತು ಅಂದಾಗ ಅಪ್ಪ ಗಿಟಾರನ್ನೇ ಕೈಗೆತ್ತಿಕೊಂಡರು. ಸ್ಕ್ರೂಡ್ರೈವರ್ ತುದಿ ಹತ್ತಿರ ಹಿಡಿದು, ಅದು ಎಳೆಯೋದನ್ನು ನೋಡಿದರು. ಕಬ್ಬಿಣದ ತಂತಿ ನಡುಗಿದರೆ ಆ ಸುರುಳಿಯಲ್ಲಿ ಕರೆಂಟು ಹುಟ್ಟುತ್ತದೆ, ಅದೇ ಸದ್ದಾಗೋದು. ಅದಕ್ಕೇ ಎಲೆಕ್ಟ್ರಿಕ್ ಗಿಟಾರಿಗೆ ಉಕ್ಕಿನ ತಂತಿಯೇ ಬೇಕು. "ಅಂದ್ರ ಇದು ವೈಂಡಿಂಗು" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ತಂತ್ಯಾಗ ನಮ್ಮ ಗುಡ್ಡದ ಅದಿರೂ ಒಂದೀಟು ಇದ್ದರೂ ಇರಬೋದು."

ಹೊಸ ತಂತಿಯನ್ನು ಶ್ರುತಿ ಮಾಡಿದ ಮೇಲೆ ಹಿಗ್ಗಿಸಬೇಕು. ಹನ್ನೆರಡನೇ ಫ್ರೆಟ್ಟಿನ ಹತ್ತಿರ ಬೆರಳು ಹಾಕಿ ಮೆತ್ತಗೆ ಮೇಲಕ್ಕೆ ಎಳೆಯೋದು, ಇಳಿದ ಶ್ರುತಿಯನ್ನು ಮತ್ತೆ ಏರಿಸೋದು, ಮತ್ತೆ ಎಳೆಯೋದು. ಮೂರು ನಾಲ್ಕು ಸಲಕ್ಕೆ ತಂತಿ ಹಟ ಬಿಡುತ್ತದೆ. ಬೇಸರದ ಕೆಲಸ, ಆದರೆ ಇದನ್ನು ಬಿಟ್ಟವರೇ ಲಾಕಿಂಗ್ ಟ್ಯೂನರ್ ದಂಡ ಅಂತ ದೂರೋದು. ನಾನು ಎಳೆಯುತ್ತಿದ್ದೆ, ಅಪ್ಪ ಫೋನ್ ನೋಡಿಕೊಂಡು ಬಿರಡೆ ತಿರುಗಿಸುತ್ತಿದ್ದರು. ಹನ್ನೊಂದು ಗಂಟೆ ಆಗಿರಬೇಕು.

"ಮೂರೂವರಿ ಸಾವಿರ ಹೇಳಿದ್ರು" ಅಂದರು.

"ಏನಕ್ಕೆ?"

"ಗಿಟಾರಿಗೆ. ನಿನ್ನ ರಿಸಲ್ಟ್ ಬಂದ ಮ್ಯಾಲ ಬಳ್ಳಾರಿಗೆ ಹೋಗಿ ಕೇಳ್ಕೊಂಡ್ ಬಂದಿದ್ದೆ. ಐನೂರು ರೂಪಾಯಿ ಅಡ್ವಾನ್ಸೂ ಕೊಟ್ಟಿದ್ದೆ. ಆಮ್ಯಾಲ ಅದು ಆತಲ್ಲ. ವಾಪಸ್ ಇಸ್ಕೊಂಡ್ ಬಂದೆ. ಅದರಾಗ ಕ್ಯಾಲ್ಕುಲೇಟರ್ ಬಂತು."

ಕಣ್ಣು ಫೋನಿನ ಮೇಲೇ ಇತ್ತು. ಆ್ಯಪಿನ ಮುಳ್ಳು ಹಸಿರಿಗೆ ಬಂದು ನಿಂತಿತ್ತು. ನನಗೆ ತಂತಿ ಎಳೆಯೋದು ಮರೆತು ಹೋಗಿತ್ತು.

"ಯಾಕಪ್ಪಾ ಹೇಳಲಿಲ್ಲ ನೀನು?"

"ಹೇಳಿದ್ರ ಏನಾಗ್ತಿತ್ತು? ಗಿಟಾರ್ ಬರ್ತಿತ್ತೇನು? ಎಳಿ, ಎಳಿ, ಇನ್ನೊಂದು ಸಲ ಎಳಿ."

ಎಳೆದೆ. ಶ್ರುತಿ ಇಳಿಯಲಿಲ್ಲ.

ಉಳಿದ ತುದಿಗಳನ್ನು ಕತ್ತರಿಸಿದ್ದು ಅಪ್ಪನೇ. ಶ್ರುತಿ ನಿಂತ ಮೇಲೆ, ಕಂಬದಿಂದ ಎರಡು ಮೂರು ಮಿಲಿಮೀಟರ್ ಬಿಟ್ಟು. ಆ ತುದಿ ಸೂಜಿಗಿಂತ ಹರಿತ, ನನ್ನ ಬೆರಳಿಗೆ ಆಗಲೇ ಎರಡು ಕಡೆ ಚುಚ್ಚಿತ್ತು. ತುಂಡುಗಳನ್ನೆಲ್ಲ ಆರಿಸಿ ಪೇಪರಿನಲ್ಲಿ ಸುತ್ತಿಟ್ಟರು. "ಬರಿಗಾಲಾಗ ಓಡಾಡ್ತಾಳ ನಿಮ್ಮವ್ವ."

ನಾನು ಗೊತ್ತಿದ್ದ ಎರಡು ಹಾಡು ನುಡಿಸಿದೆ, ಆಂಪ್ ಇಲ್ಲದೆ, ಕಿರುದನಿಯಲ್ಲಿ. ಚೆನ್ನಾಗೇನೂ ನುಡಿಸಲಿಲ್ಲ. ಎರಡನೇ ಹಾಡಿನ ಕೊನೆಗೆ ಆ್ಯಪ್ ಹಿಡಿದು ನೋಡಿದರು. ಆರೂ ಹಸಿರು. ಅಪ್ಪ ಎದ್ದು ನಿಂತವರು ಮಲಗೋಕೆ ಹೋಗಲಿಲ್ಲ. ಗೋಡೆಯ ಮೊಳೆಯಿಂದ ಏಕತಾರಿಯನ್ನು ಇಳಿಸಿಕೊಂಡು ಬಂದು ಚಾಪೆ ಮೇಲೆ ಇಟ್ಟರು.

"ಬಿಡಿ ತಂತಿ ಇನ್ನೊಂದೈತಿ ಅಂದ್ಯಲ್ಲ. ಉದ್ದ ಸಾಲ್ತೈತೇನು ನೋಡು."

ನಾನು ಎರಡು ಬಿಡಿ ತಂತಿಗಳನ್ನೂ ಅವರ ಕೈಗೆ ಕೊಟ್ಟೆ. ಗಿಟಾರ್ ತಂತಿಯ ಉದ್ದ ಸಾಲಿತು, ಇನ್ನೂ ಒಂದು ಗೇಣು ಉಳಿಯಿತು. ತುದಿಯ ಗುಂಡನ್ನು ಅಪ್ಪ ಬುಡದ ಮೊಳೆಗೆ ಸಿಕ್ಕಿಸಿದರು. ಇಲ್ಲಿ ಮಾತ್ರ ಸುತ್ತು ಬೇಕೇ ಬೇಕಿತ್ತು, ಮರದ ಬಿರಡೆ. ನಾಲ್ಕು ಸುತ್ತು ಸುತ್ತಿದರು. ಬಿರಡೆ ಒಣಗಿ ಸಣ್ಣಗಾಗಿತ್ತು, ಶ್ರುತಿಗೆ ಬರೋದು, ಕೈ ಬಿಟ್ಟ ಕೂಡಲೇ ಗಿರ್ ಅಂತ ಹಿಂದೆ ತಿರುಗೋದು. ಅಮ್ಮ ರಂಗೋಲಿ ಡಬ್ಬಿಯಿಂದ ಒಂದು ಚಾಕ್‌ಪೀಸ್ ತಂದುಕೊಟ್ಟಳು. "ಮಾವ ಇದನ್ನ ಹಚ್ಚುತಿದ್ರು" ಅಂದಳು. ಬಿರಡೆ ಬಿಚ್ಚಿ ಚಾಕ್‌ಪೀಸ್ ಉಜ್ಜಿ ಮತ್ತೆ ಕೂರಿಸಿದರು. ನಿಂತಿತು, ಎರಡು ನಿಮಿಷ. ಅಪ್ಪ ಮೀಟಿದರು. ಹಾಡಲಿಲ್ಲ. ಅಜ್ಜನ ಪದಗಳು ಅವರಿಗೆ ಬರುತ್ತವೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಕೇಳಿಲ್ಲ. ಮೂರನೇ ನಿಮಿಷಕ್ಕೆ ಬಿರಡೆ ಮತ್ತೆ ಜಾರಿತು.

ಹಬ್ಬ ಮುಗಿಸಿ ಬೆಂಗಳೂರಿಗೆ ಬಂದೆ. ಮುಂದಿನ ವಾರ ಹೊಸ ಪ್ರಾಜೆಕ್ಟಿನ ಮೊದಲ ಮೀಟಿಂಗು, ಅದೇ ತಮಾಷೆಯ ಸಂಗತಿಯ ಪ್ರಶ್ನೆ. ಬಾಯಿಗೆ ಬಂದ ಕ್ಯಾಲ್ಕುಲೇಟರ್ ಕಥೆಯನ್ನು ನುಂಗಿಕೊಂಡು, ನನಗೆ ಸೈಕಲ್ ಹೊಡೆಯೋಕೆ ಬರಲ್ಲ ಅಂತ ಹೇಳಿದೆ. ಯಾರೂ ನಗಲಿಲ್ಲ.

ಹತ್ತು ದಿನಕ್ಕೆ ಅಪ್ಪನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಅಜ್ಜನ ಏಕತಾರಿಯ ಬಿರಡೆ, ಹತ್ತಿರದಿಂದ ತೆಗೆದದ್ದು. ಅದರ ತಲೆಗೆ ಸಣ್ಣದೊಂದು ತೂತು ಕೊರೆದು, ಬೆಂಕಿಕಡ್ಡಿ ದಪ್ಪದ ಹಿತ್ತಾಳೆ ಸ್ಕ್ರೂ ಒಂದನ್ನು ಇಳಿಸಿದ್ದರು, ಮರದ ಕತ್ತನ್ನು ಅದುಮಿ ಹಿಡಿಯುವ ಹಾಗೆ. ಅಜ್ಜನ ಕಾಲದ ಬಿರಡೆಗೆ ತೂತು ಹಾಕಿದ್ದಕ್ಕೆ ಬೈಯಬೇಕೋ ಬೇಡವೋ ಅಂತ ಯೋಚಿಸುತ್ತಿರುವಾಗಲೇ ಕೆಳಗೊಂದು ಸಾಲು ಬಂತು.

"ಬೋಲ್ಟ್ ಸಿಕ್ಕಿತು."